ಮಕ್ಕಳ ಅಲರ್ಜಿ: ಔಷಧಿ ಡಬ್ಬಿಗಿಂತ ಮೊದಲು ಹಾಸಿಗೆ ನೋಡಿ

ಬೆಳಗ್ಗೆ ಎದ್ದ ಕೂಡಲೇ ಒಂದರ ಹಿಂದೆ ಒಂದು ಸೀನು. ಮೂಗಿನಿಂದ ನೀರು, ಕಣ್ಣಲ್ಲಿ ತುರಿಕೆ. ಸ್ಕೂಲಿಗೆ ಹೊರಡುವ ಹೊತ್ತಿಗೆ ಸ್ವಲ್ಪ ಕಡಿಮೆ. ರಾತ್ರಿ ಮಲಗಿದರೆ ಮತ್ತೆ ಮೂಗು ಕಟ್ಟುತ್ತದೆ, ಮಗು ಬಾಯಿ ತೆರೆದುಕೊಂಡು ಉಸಿರಾಡುತ್ತದೆ. ಇಂಥ ಮಗು ಇರುವ ಮನೆಯಲ್ಲಿ ಸಲಹೆಗೇನೂ ಬರವಿಲ್ಲ. ಅಜ್ಜಿ ಕಷಾಯ ಅನ್ನುತ್ತಾರೆ, ಪಕ್ಕದ ಮನೆಯವರು ಅಮೃತಬಳ್ಳಿ ಅನ್ನುತ್ತಾರೆ, ವಾಟ್ಸಾಪ್‌ನಲ್ಲಿ ಜೇನುತುಪ್ಪದ ಮೆಸೇಜ್ ಬರುತ್ತದೆ. ಎಲ್ಲರೂ ಹೇಳುವುದು ಮಗುವಿಗೆ ಇನ್ನೇನು ಕೊಡಬೇಕು ಅಂತಲೇ.

ನಾನು ಹೇಳುವುದು ಇನ್ನೊಂದು ಕಡೆಯಿಂದ ಶುರು ಮಾಡಿ ಅಂತ. ಮಗುವಿನ ಸುತ್ತ ಏನೇನಿದೆ, ಅದರಲ್ಲಿ ಯಾವುದನ್ನು ದೂರ ಇಡಬಹುದು ಅಂತ ಮೊದಲು ನೋಡಿ. ಅಲರ್ಜಿಗೆ ಇದಕ್ಕಿಂತ ಸಹಜವಾದ ದಾರಿ ಇಲ್ಲ. ದುಡ್ಡೂ ಜಾಸ್ತಿ ಬೇಡ. ಬಿಸಿನೀರು, ಬಿಸಿಲು, ಉಪ್ಪು, ಕೊಬ್ಬರಿ ಎಣ್ಣೆ ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ವಾರ ವಾರವೂ ತಪ್ಪದೆ ಮಾಡುವ ಮನಸ್ಸು ಬೇಕು, ಅಷ್ಟೆ.

ನಮ್ಮ ಕಡೆ ಮಕ್ಕಳಿಗೆ ತುಂಬಾ ಕಾಡುವುದು ಮನೆಯ ಧೂಳಿನಿಂದ ಬರುವ ಮೂಗಿನ ಅಲರ್ಜಿ. ಹಾಗಾಗಿ ಅದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ. ಚರ್ಮ ಮತ್ತು ಊಟದ ವಿಷಯ ಆಮೇಲೆ ಬರುತ್ತದೆ.

## ಎಲ್ಲಕ್ಕಿಂತ ಮೊದಲು ಇದು ಗೊತ್ತಿರಲಿ

ಏನೋ ತಿಂದ ಮೇಲೆ, ಔಷಧಿ ತಗೊಂಡ ಮೇಲೆ ಅಥವಾ ಜೇನುಹುಳ ಕಚ್ಚಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು ಎದ್ದು, ತುಟಿ ಮುಖ ಊದಿ, ಉಸಿರಿಗೆ ಕಷ್ಟವಾದರೆ, ದನಿ ಗೊಗ್ಗರಾದರೆ, ಮತ್ತೆ ಮತ್ತೆ ವಾಂತಿಯಾದರೆ, ಮಗು ಮಂಕಾದರೆ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಜೋರು ಅಲರ್ಜಿ. ಎಲ್ಲ ಲಕ್ಷಣ ಒಟ್ಟಿಗೇ ಬರಬೇಕು ಅಂತೇನಿಲ್ಲ. ಇದಕ್ಕೆ ಮನೆಮದ್ದು ಇಲ್ಲ. ಅಲರ್ಜಿ ಸಿರಪ್ ಕುಡಿಸಿ ಕಾಯುತ್ತಾ ಕೂರುವುದೂ ತಪ್ಪು. ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಅದೂ ತಕ್ಷಣ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಿ. ಅಲ್ಲಿಯವರೆಗೆ ಮಗುವನ್ನು ಅಂಗಾತ ಮಲಗಿಸಿ, ಎದ್ದು ನಡೆಯಲು ಬಿಡಬೇಡಿ. ಮಲಗಿದರೆ ಉಸಿರಾಡಲು ಕಷ್ಟ ಅಂದರೆ ಮಾತ್ರ ಕೂರಿಸಿ.

ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಹೋಗುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ ಅದೂ ತುರ್ತೇ.

ಇನ್ನೊಂದು ಮಾತು. ನಿಮ್ಮ ಮಗುವಿಗೆ ವೈದ್ಯರು ಇನ್‌ಹೇಲರ್ ಕೊಟ್ಟಿದ್ದರೆ, ಈ ಬರಹ ಓದಿ ಅದನ್ನು ನಿಲ್ಲಿಸಬೇಡಿ. ಇಲ್ಲಿ ಹೇಳಿರುವ ಕೆಲಸಗಳು ಔಷಧಿಯ ಜೊತೆಗೆ ನಡೆಯಬೇಕು. ಮಗು ಚೆನ್ನಾಗಿ ಇರತೊಡಗಿದರೆ ಔಷಧಿ ಕಡಿಮೆ ಮಾಡುವುದು ವೈದ್ಯರ ಕೆಲಸ, ಅವರೇ ಮಾಡುತ್ತಾರೆ.

## ಹೆಜ್ಜೆ 1: ಇದು ಶೀತವೋ, ಅಲರ್ಜಿಯೋ?

ವೈರಸ್‌ನಿಂದ ಬರುವ ಶೀತ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಜ್ವರ, ಮೈಕೈ ನೋವು ಇರಬಹುದು, ಮನೆಯಲ್ಲಿ ಇನ್ನೊಬ್ಬರಿಗೂ ಬಂದಿರುತ್ತದೆ. ಅಲರ್ಜಿಗೆ ಜ್ವರ ಇರುವುದಿಲ್ಲ. ಮೂಗಿನಿಂದ ಬರುವುದು ತಿಳಿ ನೀರು. ಮುಖ್ಯವಾಗಿ ತುರಿಕೆ ಇರುತ್ತದೆ, ಮೂಗು, ಕಣ್ಣು, ಕೆಲವು ಮಕ್ಕಳಿಗೆ ಬಾಯಿಯ ಮೇಲ್ಭಾಗ, ಕಿವಿಯ ಒಳಗೆ ಕೂಡ. ವಾರಗಟ್ಟಲೆ ಎಳೆಯುತ್ತದೆ, ಅಥವಾ ಪ್ರತಿ ವರ್ಷ ಅದೇ ಕಾಲಕ್ಕೆ ಬರುತ್ತದೆ.

ಮಗುವಿನ ಮುಖ ಹತ್ತಿರದಿಂದ ನೋಡಿ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸ ಇದೆಯಾ? ಹಾಗೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಬಿದ್ದಿದೆಯಾ? ಕಣ್ಣಿನ ಕೆಳಗೆ ಕಪ್ಪಾಗಿದೆಯಾ? ಆ ಕಪ್ಪು ನಿದ್ದೆ ಇಲ್ಲದ್ದಕ್ಕೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮೂಗು ಕಟ್ಟಿ ಅಲ್ಲಿನ ರಕ್ತ ಸರಾಗವಾಗಿ ಹರಿಯದಿದ್ದರೂ ಹಾಗೆ ಕಾಣುತ್ತದೆ. ಈ ಗುರುತುಗಳು ಇದ್ದರೆ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ. ತಿಂಗಳಿಗೊಮ್ಮೆ ಆಂಟಿಬಯೋಟಿಕ್ ಕುಡಿಸುವ ಮೊದಲು ವೈದ್ಯರ ಹತ್ತಿರ ಇದನ್ನು ಕೇಳಲೇಬೇಕು. ಅಲರ್ಜಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ.

ಒಂದೇ ಹೊಳ್ಳೆ ಕಟ್ಟಿದ್ದು, ಅದರಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಅದು ಬೇರೆ. ಪುಟ್ಟ ಮಕ್ಕಳು ಮಣಿ, ಕಾಳು, ಬಳಪದ ಚೂರು ಮೂಗಿಗೆ ತುರುಕಿಕೊಂಡಿರುತ್ತಾರೆ. ನೇರ ಇಎನ್‌ಟಿ ವೈದ್ಯರ ಹತ್ತಿರ ಹೋಗಿ.

## ಹೆಜ್ಜೆ 2: ಗೋಡೆ ಕ್ಯಾಲೆಂಡರ್‌ನಲ್ಲಿ ಬರೆಯಿರಿ

ಆ್ಯಪ್ ಬೇಡ. ಪ್ರತಿ ದಿನದ ಚೌಕದಲ್ಲಿ ಎರಡೇ ಗುರುತು ಸಾಕು: ಸೀನು ಎಷ್ಟು (ಇಲ್ಲ, ಸ್ವಲ್ಪ, ಜಾಸ್ತಿ), ರಾತ್ರಿ ನಿದ್ದೆ ಹೇಗೆ. ಜೊತೆಗೆ ಆ ದಿನ ವಿಶೇಷ ಏನಾದರೂ ನಡೆದಿದ್ದರೆ ಒಂದು ಪದ: ಅಟ್ಟ ಕ್ಲೀನ್ ಮಾಡಿದ್ದು, ಊರಿಗೆ ಹೋಗಿದ್ದು, ಪಟಾಕಿ, ಪಕ್ಕದ ಸೈಟಿನಲ್ಲಿ ಹುಲ್ಲು ಕಿತ್ತದ್ದು.

ನಾಲ್ಕು ವಾರ ಬರೆದರೆ ಒಂದು ದಾರಿ ಕಾಣಿಸುತ್ತದೆ. ಬೆಳಗ್ಗೆ ಎದ್ದಾಗ ಮಾತ್ರ ಜಾಸ್ತಿ ಅಂದರೆ ಹಾಸಿಗೆ ಮೇಲೆ ಅನುಮಾನ. ಆಟದ ಮೈದಾನದಿಂದ ಬಂದ ಮೇಲೆ ಅಂದರೆ ಹೂವಿನ ಪರಾಗ. ಮಳೆಗಾಲದುದ್ದಕ್ಕೂ ಅಂದರೆ ಬೂಷ್ಟು. ಸೋಮವಾರದಿಂದ ಶುಕ್ರವಾರ ಮಾತ್ರ ಅಂದರೆ ಸ್ಕೂಲಿನ ಕಡೆ ನೋಡಬೇಕು. ರಜೆಗೆ ಅಜ್ಜಿ ಮನೆಗೆ ಹೋದಾಗ ಪೂರ್ತಿ ಸರಿ ಇದ್ದು, ವಾಪಸ್ ಬಂದ ರಾತ್ರಿಯೇ ಶುರುವಾದರೆ ಉತ್ತರ ನಿಮ್ಮ ಮನೆಯಲ್ಲೇ ಇದೆ.

## ಹೆಜ್ಜೆ 3: ಹಾಸಿಗೆ

ಒಂದೇ ಒಂದು ಕೆಲಸಕ್ಕೆ ಪುರುಸೊತ್ತು ಇದೆ ಅಂದರೆ ಇದನ್ನೇ ಮಾಡಿ.

ಧೂಳಿನ ಅಲರ್ಜಿ ಅಂತ ನಾವು ಕರೆಯುವುದು ಹೆಚ್ಚಾಗಿ ಡಸ್ಟ್ ಮೈಟ್ ಎಂಬ ಸಣ್ಣ ಜೀವಿಯ ಅಲರ್ಜಿ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ, ಕಣ್ಣಿಗೆ ಕಾಣುವುದಿಲ್ಲ. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಊಟ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಅದಕ್ಕೇ ಕರಾವಳಿ, ಮಲೆನಾಡು, ಬೆಂಗಳೂರಿನ ಮಳೆಗಾಲ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಗುವಿಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ರಾತ್ರಿ ಎಂಟು ಒಂಬತ್ತು ಗಂಟೆ ಆ ದಿಂಬಿನ ಮೇಲೆಯೇ ಮೂಗಿಟ್ಟು ಮಗು ಉಸಿರಾಡುತ್ತದೆ, ಅಲ್ವಾ?

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆ ಮೂರನ್ನೂ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ವಾಷಿಂಗ್ ಮೆಷಿನ್‌ನಲ್ಲಿ ಬಿಸಿನೀರಿನ ಆಯ್ಕೆ ಇದ್ದರೆ ಅದು. ಇಲ್ಲದಿದ್ದರೆ ಹಂಡೆಯಲ್ಲಿ ಅಥವಾ ಗೀಸರ್‌ನಲ್ಲಿ ಕೈ ಇಡಲಾಗದಷ್ಟು ಕಾದ ನೀರನ್ನು ಬಕೆಟ್ಟಿಗೆ ಹಾಕಿ, ಬಟ್ಟೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಬಕೆಟ್ ಮಕ್ಕಳ ಕೈಗೆ ಸಿಗದ ಕಡೆ ಇರಲಿ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ತೊಳೆದು ಹೋಗುತ್ತದೆ, ಮೈಟ್ ಸಾಯುವುದಿಲ್ಲ.

ಒಗೆಯಲು ಆಗದ ಹಾಸಿಗೆ, ದಿಂಬು ಬಿಸಿಲಿಗೆ ಹಾಕಿ. ಅರ್ಧ ಗಂಟೆ ಸುಮ್ನೆ ಹಾಕಿ ತೆಗೆದರೆ ಪ್ರಯೋಜನ ಇಲ್ಲ. ಖಡಕ್ ಬಿಸಿಲಿನಲ್ಲಿ ಐದಾರು ಗಂಟೆ, ನಡುವೆ ಒಮ್ಮೆ ಮಗುಚಿ. ಬಿಸಿಲಿಗೆ ಮೈಟ್ ಒಣಗಿ ಸಾಯುತ್ತದೆ, ಆದರೆ ಹಿಕ್ಕೆ ಅಲ್ಲೇ ಇರುತ್ತದೆ. ಅದಕ್ಕೆ ಕೋಲಿನಿಂದ ಬಡಿದು ಕೊಡವಬೇಕು. ಬಡಿಯುವುದು ಟೆರೇಸಿನಲ್ಲಿ ಆಗಲಿ, ಬಡಿಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಮಗು ಆ ಹೊತ್ತಿಗೆ ಹತ್ತಿರ ಇರಬಾರದು. ಮಳೆಗಾಲದಲ್ಲಿ ಬಿಸಿಲು ಸಿಗದ ಊರುಗಳವರು ಹಾಸಿಗೆಗೂ ದಿಂಬಿಗೂ ಮೈಟ್ ತಡೆಯುವ ಜಿಪ್ ಕವರ್ ಹಾಕುವುದು ಒಳ್ಳೆಯದು. ನೇಯ್ಗೆ ತುಂಬಾ ಬಿಗಿಯಾಗಿರುವ ಬಟ್ಟೆಯ ಕವರ್ ಅದು. ಸರಬರ ಸದ್ದು ಮಾಡುವ ಪ್ಲಾಸ್ಟಿಕ್ ಕವರ್‌ಗಳಲ್ಲಿ ಮಕ್ಕಳು ಬೆವರಿ ನಿದ್ದೆಗೆಡುತ್ತಾರೆ.

ಹೊದಿಕೆ ವಿಷಯದಲ್ಲಿ ಉತ್ತರ ಕರ್ನಾಟಕದ ಕೌದಿ ನನಗೆ ತುಂಬಾ ಮೆಚ್ಚು. ಹಳೇ ಸೀರೆ ಸೇರಿಸಿ ಹೊಲೆದ ಕೌದಿಯನ್ನು ಬಿಸಿನೀರಲ್ಲಿ ನೆನೆಸಿ ಒಗೆಯಬಹುದು, ಬಿಸಿಲಿಗೆ ಬೇಗ ಒಣಗುತ್ತದೆ. ದಪ್ಪ ಉಣ್ಣೆ ಕಂಬಳಿ, ವರ್ಷಕ್ಕೊಮ್ಮೆ ಡ್ರೈ ಕ್ಲೀನಿಂಗ್‌ಗೆ ಹೋಗುವ ರಗ್ಗು ಅಲರ್ಜಿ ಇರುವ ಮಗುವಿಗೆ ಬೇಡ.

ಮೆತ್ತನೆಯ ಗೊಂಬೆ ಮಗುವಿಗೆ ಪ್ರಾಣವಾಗಿದ್ದರೆ ಕಿತ್ತುಕೊಳ್ಳಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ಪೂರ್ತಿ ದಿನ ಇಟ್ಟು, ಆಮೇಲೆ ಒಗೆದು ಬಿಸಿಲಿಗೆ ಹಾಕಿ. ಹಾಸಿಗೆ ಮೇಲೆ ಒಂದೇ ಗೊಂಬೆ ಇರಲಿ, ಉಳಿದವು ಮುಚ್ಚಿದ ಪೆಟ್ಟಿಗೆಯಲ್ಲಿ.

ಫಲ ಕಾಣಲು ಒಂದೆರಡು ತಿಂಗಳು ಬೇಕು. ಇವುಗಳಲ್ಲಿ ಒಂದನ್ನು ಮಾತ್ರ ಮಾಡಿ ಬಿಟ್ಟರೆ ಏನೂ ಗೊತ್ತಾಗದೇ ಹೋಗಬಹುದು. ಎಲ್ಲ ಸೇರಿದಾಗ ವ್ಯತ್ಯಾಸ ಕಾಣುವುದು.

## ಹೆಜ್ಜೆ 4: ಕಸ, ಬೂಷ್ಟು, ಜಿರಲೆ

ಒಣ ಪೊರಕೆಯಲ್ಲಿ ಗುಡಿಸಿದರೆ ನೆಲದ ಧೂಳು ಗಾಳಿಗೆ ಏಳುತ್ತದೆ. ಮಗು ಸ್ಕೂಲಿಗೆ ಹೋದ ಮೇಲೆ ಗುಡಿಸಿ, ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಿಟಕಿ ತೆರೆದಿರಲಿ. ಫ್ಯಾನ್ ರೆಕ್ಕೆ, ಬೀರು ಮೇಲ್ಭಾಗ, ಕಿಟಕಿಯ ಸೊಳ್ಳೆ ಪರದೆ ಇವನ್ನೆಲ್ಲ ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ದಸರಾ, ಯುಗಾದಿಗೆ ಮುಂಚೆ ಅಟ್ಟ ಇಳಿಸಿ ಇಡೀ ಮನೆ ಧೂಳು ಹೊಡೆಯುವ ದಿನ ಮಗುವನ್ನು ನೆಂಟರ ಮನೆಗೆ ಕಳಿಸಿಬಿಡಿ. ಆ ಒಂದು ದಿನದ ಧೂಳಿಗೇ ಹಬ್ಬವೆಲ್ಲ ಕೆಮ್ಮುವ ಮಕ್ಕಳಿದ್ದಾರೆ.

ಮಳೆಗಾಲದಲ್ಲಿ ಗೋಡೆಯ ಮೂಲೆ, ಬೀರು ಹಿಂಭಾಗ, ಚಪ್ಪಲಿ ಸ್ಟ್ಯಾಂಡ್, ಬಾತ್‌ರೂಮ್ ಬಾಗಿಲು ನೋಡಿ. ಕಪ್ಪು, ಹಸಿರು ಬೂಷ್ಟು ಕಂಡರೆ ಸೋಪು ನೀರಿನಲ್ಲಿ ಉಜ್ಜಿ ಒಣಗಿಸಿ. ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಬರೀ ಉಜ್ಜಿದರೆ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಸೋರುವ ಪೈಪು, ಟೆರೇಸಿನ ಬಿರುಕು ಮೊದಲು ಸರಿಯಾಗಬೇಕು. ಮಗು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ. ಬೀರು ಗೋಡೆಗೆ ಅಂಟಿಕೊಂಡಿರದೆ ನಾಲ್ಕು ಬೆರಳು ದೂರ ಇರಲಿ.

ಜಿರಲೆಯ ಹಿಕ್ಕೆ, ಉದುರಿದ ಪೊರೆ ಕೂಡ ಅಲರ್ಜಿ ತರುತ್ತವೆ. ರಾತ್ರಿ ಎಂಜಲು ಪಾತ್ರೆ ಸಿಂಕಿನಲ್ಲಿ ಬಿಡಬೇಡಿ, ಕಸದ ಡಬ್ಬಿ ಮುಚ್ಚಿ. ಕೊಲ್ಲಲು ಸ್ಪ್ರೇಗಿಂತ ಸಂದಿಗಳಲ್ಲಿ ಹಚ್ಚುವ ಜೆಲ್ ಉತ್ತಮ, ಅದರ ವಾಸನೆ ಮಗುವಿನ ಮೂಗಿಗೆ ಹೋಗುವುದಿಲ್ಲ.

ಹಾಗಂತ ಮನೆಯನ್ನು ಡೆಟಾಲ್ ಹಾಕಿ ಆಪರೇಷನ್ ಥಿಯೇಟರ್ ಮಾಡಬೇಕಿಲ್ಲ. ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಅಂತ ಎರಡು ಕೃಷಿಕ ಸಮುದಾಯಗಳಿವೆ. ಮೂಲ ಒಂದೇ ಕಡೆಯದು, ಊಟ ಉಡುಗೆಯೂ ಸುಮಾರು ಒಂದೇ. ಅಮಿಶ್ ಮಕ್ಕಳು ಹಸು ಕುದುರೆಗಳ ಕೊಟ್ಟಿಗೆಯಲ್ಲೇ ಆಡಿ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ, ಕೊಟ್ಟಿಗೆ ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮಿಶ್ ಮಕ್ಕಳಲ್ಲಿ ಅಸ್ತಮಾ ಶೇ. 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇ. 21ರಷ್ಟು ಕಂಡಿತು. ಎಳವೆಯಲ್ಲಿ ಮಣ್ಣು, ದನಕರುಗಳ ಒಡನಾಟ ಮಗುವಿಗೆ ಒಳ್ಳೆಯದನ್ನೇ ಮಾಡುತ್ತದೆ. ಅಜ್ಜಿ ಮನೆಯ ಕೊಟ್ಟಿಗೆಗೆ ಹೋಗಬೇಡ ಅಂತ ಗದರಿಸಬೇಡಿ. ಅಲ್ಲಿ ಹೋದಾಗ ಉಬ್ಬಸ ಬರುವ ಮಗುವಿನ ವಿಷಯ ಮಾತ್ರ ಬೇರೆ.

## ಹೆಜ್ಜೆ 5: ಹೊಗೆ

ಈ ವಿಷಯ ಮನೆಯ ಹಿರಿಯರ ಹತ್ತಿರ ಮಾತಾಡುವುದು ಕಷ್ಟ, ಆದರೂ ಮಾತಾಡಲೇಬೇಕು. ಎಣ್ಣೆ ಸ್ನಾನ ಆದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ. ತಲೆ ಒಣಗುತ್ತದೆ, ಶೀತ ಆಗಲ್ಲ ಅಂತ ನಂಬಿಕೆ. ಕೂಸಿನ ಉಸಿರಿನ ನಾಳ ತುಂಬಾ ಸಣ್ಣದು. ಯಾವ ಮರದ ಅಂಟು ಸುಟ್ಟರೂ ಹೊಗೆಯಲ್ಲಿರುವ ಸಣ್ಣ ಕಣಗಳು ಆ ನಾಳವನ್ನು ಕೆರಳಿಸುತ್ತವೆ. ತಲೆ ಒಣಗಿಸಲು ಒಳ್ಳೆಯ ಹತ್ತಿ ಬಟ್ಟೆ ಸಾಕು. "ಬೇಡ ಅತ್ತೆ, ಡಾಕ್ಟ್ರು ಹೊಗೆ ತಾಗಿಸಬೇಡಿ ಅಂದಿದ್ದಾರೆ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ದೇವರ ಮುಂದೆ ಸಾಂಬ್ರಾಣಿ ಹಾಕಲೇಬೇಕು ಅಂದರೆ ಮಗು ಬೇರೆ ಕೋಣೆಯಲ್ಲಿರಲಿ, ಕಿಟಕಿ ತೆರೆದಿರಲಿ. ಅಗರಬತ್ತಿ ಬದಲು ದೀಪ, ಹೂವು ಸಾಕಲ್ವಾ?

ಸೊಳ್ಳೆ ಬತ್ತಿಗೆ ಪರದೆಯೇ ಬದಲಿ. ಸೌದೆ ಒಲೆ ಇದ್ದರೆ ಅಡುಗೆ ಹೊತ್ತಿನಲ್ಲಿ ಮಗು ಹೊರಗಿರಲಿ. ಬೀಡಿ ಸಿಗರೇಟು ಸೇದುವವರು ಬಾಲ್ಕನಿಗೆ ಹೋಗಿ ಸೇದಿದರೂ ಬಟ್ಟೆಗೆ ಅಂಟಿದ ಅಂಶ ಒಳಗೆ ಬರುತ್ತದೆ. ಅಲರ್ಜಿ ಇರುವ ಮಗುವಿನ ಅಪ್ಪ ಸಿಗರೇಟು ಬಿಡುವುದಕ್ಕೆ ಸಮನಾದ ಮನೆಮದ್ದು ಇನ್ನೊಂದಿಲ್ಲ.

## ಹೆಜ್ಜೆ 6: ಉಪ್ಪುನೀರಿನಲ್ಲಿ ಮೂಗು ತೊಳೆಯುವುದು

ಜಲನೇತಿ ಅಂತ ಯೋಗದಲ್ಲಿ ಹಿಂದಿನಿಂದ ಇದೆ, ಈಗ ಅಲರ್ಜಿ ವೈದ್ಯರೂ ಹೇಳುತ್ತಾರೆ. ಮೂಗಿನೊಳಗೆ ಕೂತ ಧೂಳು, ಪರಾಗ, ಸಿಂಬಳವನ್ನು ನೀರು ತೊಳೆದು ಹಾಕುತ್ತದೆ. ಮನೆಮದ್ದುಗಳಲ್ಲಿ ನಾನು ಧೈರ್ಯವಾಗಿ ಮಾಡಿ ಅನ್ನುವುದು ಇದನ್ನೇ. ಆದರೆ ಸರಿಯಾಗಿ ಮಾಡಬೇಕು.

ನೀರು: ಕುದಿಸಿ ಆರಿಸಿದ್ದೇ ಆಗಬೇಕು. ನೀರು ಕೊತಕೊತ ಕುದಿಯಲು ಶುರುವಾದ ಮೇಲೂ ಒಂದೆರಡು ನಿಮಿಷ ಕುದಿಯಲಿ. ನಲ್ಲಿ ನೀರು, ಬಾವಿ ನೀರು, ಫಿಲ್ಟರ್ ನೀರು, ಕ್ಯಾನ್ ನೀರು ಯಾವುದನ್ನೂ ಹಾಗೇ ಮೂಗಿಗೆ ಹಾಕಬೇಡಿ. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಒಂದಿದೆ. ಅಪರೂಪ, ಆದರೆ ತಗುಲಿದರೆ ಉಳಿಯುವುದು ಬಹಳ ಕಷ್ಟ. ಕೇರಳದಲ್ಲಿ 2024ರಲ್ಲಿ ಮಕ್ಕಳು ಇದರಿಂದ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಕುದಿಸಿದರೆ ಅದು ಸಾಯುತ್ತದೆ.

ಉಪ್ಪು: ಲೀಟರಿಗೆ 9 ಗ್ರಾಂ. ಕಾಲು ಲೀಟರ್ ನೀರಿಗೆ ಲೆಕ್ಕ ಹಾಕಿದರೆ 2 ಗ್ರಾಂ ಚಿಲ್ಲರೆ, ಅಂದರೆ ತಲೆ ತಟ್ಟಿದ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಉರಿ ಇರುವುದಿಲ್ಲ. ಕಲ್ಲುಪ್ಪಿನಲ್ಲಿ ಮಣ್ಣು ಇರುತ್ತದೆ, ಬೇಡ. ಲೆಕ್ಕದ ತಲೆನೋವು ಬೇಡ ಅಂದರೆ ಮೆಡಿಕಲ್ ಸ್ಟೋರ್‌ನಲ್ಲಿ ಅಳತೆ ಮಾಡಿದ ಪುಡಿಯ ಪೊಟ್ಟಣ, ಹಿಂಡುವ ಬಾಟಲಿ ಎರಡೂ ಸಿಗುತ್ತವೆ. ನೀರು ಮೈ ಬಿಸಿಯಷ್ಟಿರಲಿ, ಮಣಿಕಟ್ಟಿನ ಮೇಲೆ ಹಾಕಿ ನೋಡಿ. ಬರೀ ನೀರು ಹಾಕಿದರೆ ಮೂಗು ಭಗ್ಗನೆ ಉರಿಯುತ್ತದೆ, ಮಗು ಇನ್ನೊಂದು ಸಲ ಹತ್ತಿರ ಬರುವುದಿಲ್ಲ.

ಮಾಡುವ ಬಗೆ: ಮಗು ವಾಶ್‌ಬೇಸಿನ್ ಮುಂದೆ ನಿಂತು ಮುಂದಕ್ಕೆ ಬಗ್ಗಲಿ. ತಲೆ ಒಂದು ಬದಿಗೆ ವಾಲಲಿ. ಬಾಯಿ ತೆರೆದು "ಆ" ಅಂತ ಹೇಳುತ್ತಾ ಬಾಯಲ್ಲೇ ಉಸಿರಾಡಲಿ. ಮೇಲಿನ ಹೊಳ್ಳೆಗೆ ಬಾಟಲಿಯ ತುದಿ ಇಟ್ಟು ಮೆಲ್ಲಗೆ ಒತ್ತಿ. ನೀರು ಕೆಳಗಿನ ಹೊಳ್ಳೆಯಿಂದ ಹೊರಗೆ ಬರುತ್ತದೆ. ಆಮೇಲೆ ಇನ್ನೊಂದು ಬದಿ. ಕೊನೆಗೆ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀದಲಿ. ಎರಡೂ ಮುಚ್ಚಿ ಜೋರಾಗಿ ಸೀದಿದರೆ ನೀರು ಕಿವಿ ಕಡೆ ಹೋಗುತ್ತದೆ. ಮೊದಲ ದಿನ ನೀವು ಮಾಡಿಕೊಂಡು ತೋರಿಸಿ. ಅಮ್ಮನ ಮೂಗಿನಿಂದ ನೀರು ಬರುವುದು ನೋಡಿ ನಕ್ಕ ಮಗು ತಾನೂ ಬಾಟಲಿ ಹಿಡಿಯುತ್ತದೆ.

ದಿನಕ್ಕೊಮ್ಮೆ, ಸಂಜೆ ಆಟ ಮುಗಿಸಿ ಬಂದ ಮೇಲೆ ಮಾಡಿದರೆ ಚೆನ್ನ. ಮಲಗುವ ಹೊತ್ತಿಗೆ ಬೇಡ, ಉಳಿದ ನೀರು ಗಂಟಲಿಗೆ ಇಳಿಯುತ್ತದೆ. ವೈದ್ಯರು ಮೂಗಿನ ಸ್ಪ್ರೇ ಕೊಟ್ಟಿದ್ದರೆ ಮೊದಲು ತೊಳೆದು, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ. ಬಾಟಲಿಯನ್ನು ಪ್ರತಿ ಸಲ ತೊಳೆದು ಬೋರಲು ಹಾಕಿ ಒಣಗಿಸಿ.

ಕಿವಿ ನೋವು ಇದ್ದಾಗ, ಮೂಗು ಪೂರ್ತಿ ಕಟ್ಟಿ ಗಾಳಿಯೇ ಆಡದಿದ್ದಾಗ ಬೇಡ. ನಾಲ್ಕೈದು ವರ್ಷಕ್ಕಿಂತ ಸಣ್ಣವರಿಗೆ ಬಾಟಲಿ ಬೇಡ, ಅಂಗಡಿಯ ಸಲೈನ್ ಡ್ರಾಪ್ಸ್ ಸಾಕು. ಯಾವ ವಯಸ್ಸಿನಲ್ಲೂ ಒತ್ತಾಯ ಮಾಡಿ ಹಿಡಿದು ಹಾಕಬೇಡಿ.

## ಹೆಜ್ಜೆ 7: ಹೊರಗಿನ ಪರಾಗ

ಖಾಲಿ ಸೈಟು, ರಸ್ತೆ ಬದಿ ಎಲ್ಲ ಕಡೆ ಬೆಳೆಯುವ ಬಿಳಿ ಹೂವಿನ ಕಾಂಗ್ರೆಸ್ ಗಿಡ ಗೊತ್ತಲ್ಲ, ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಕಳೆ ಈಗ ದೇಶದ ತುಂಬ ಹರಡಿದೆ. ಅದರ ಪರಾಗ ಮೂಗಿಗೆ ಆಗುವುದಿಲ್ಲ, ಎಲೆ ತಾಗಿದರೆ ಚರ್ಮಕ್ಕೂ ಆಗುವುದಿಲ್ಲ. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಅದು ಇವತ್ತಿಗೂ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಗಿಡವೂ ಮತ್ತೆ ಚಿಗುರುತ್ತದೆ. ಹಾಗಾಗಿ ಕೀಳುವುದು ನಮ್ಮ ಪಾಲಿಗೆ ಉಳಿದ ಕೆಲಸ. ಹೂ ಬಿಡುವ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಂಡು ದೊಡ್ಡವರು ಬೇರು ಸಮೇತ ಕೀಳಬೇಕು. ಶ್ರಮದಾನ ಅಂತ ಶಾಲೆ ಮಕ್ಕಳ ಕೈಯಲ್ಲಿ ಬರಿಗೈಯಲ್ಲಿ ಕೀಳಿಸುವುದು ಖಂಡಿತ ಬೇಡ.

ಹೂ ಬಿಡುವ ಕಾಲದಲ್ಲಿ ಮಗು ಹೊರಗಿನಿಂದ ಬಂದ ಕೂಡಲೇ ಮುಖ, ಕಣ್ಣು ತೊಳೆದು ಬಟ್ಟೆ ಬದಲಿಸಲಿ. ಒಗೆದ ಬಟ್ಟೆ ಆ ದಿನಗಳಲ್ಲಿ ಪೊದೆಗಳ ಪಕ್ಕ ಒಣಗಿಸಬೇಡಿ. ಆಟ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

## ಹೆಜ್ಜೆ 8: ಚರ್ಮ

ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕೂಸುಗಳಿಗೆ ಕೆನ್ನೆಯಲ್ಲಿ ಒಣಗಿ ತುರಿಸುವ ಕೆಂಪು ಕಲೆ ಎಕ್ಸಿಮಾ ಇರಬಹುದು. ಇಲ್ಲಿ ಕೆಲಸ ಚರ್ಮದ ತೇವ ಉಳಿಸುವುದು. ಹೊಗೆಯಾಡುವ ಬಿಸಿನೀರಿನ ಸ್ನಾನ ಬೇಡ. ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸಿ. ಉಜ್ಜದೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಮೈ ಇನ್ನೂ ಒದ್ದೆ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ ಹಚ್ಚಿ, ದಿನಕ್ಕೆ ಎರಡು ಸಲ. ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳಿಗೆ ಎಂಟು ವಾರ ಹಚ್ಚಿ ನೋಡಿದಾಗ ಹಸಿ ತೆಂಗಿನಕಾಯಿಯಿಂದ ತೆಗೆದ ವರ್ಜಿನ್ ಎಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಇಂಥ ಚರ್ಮಕ್ಕೆ ಆಗಿಬರುವುದಿಲ್ಲ.

ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚಿ ಉಜ್ಜುವುದನ್ನು ನಿಲ್ಲಿಸಿ. ಒರಟು ಅನ್ನುವುದು ಒಂದು ಕಾರಣ. ಇನ್ನೊಂದು, ಒಡೆದ ಚರ್ಮದ ಮೂಲಕ ಆಹಾರದ ಅಂಶ ಒಳಗೆ ಹೋದರೆ ಅದಕ್ಕೇ ಅಲರ್ಜಿ ಹುಟ್ಟುವ ಅಪಾಯ ಇದೆ. ಹೊಟ್ಟೆಗೆ ಹೋದರೆ ಒಗ್ಗುವುದು ಚರ್ಮದ ಮೂಲಕ ಹೋದರೆ ಒಗ್ಗದೇ ಇರಬಹುದು. ಉಗುರು ಕತ್ತರಿಸಿಡಿ. ಕೀವು, ಹಳದಿ ಹೊಪ್ಪಳೆ ಕಂಡರೆ ವೈದ್ಯರ ಹತ್ತಿರ ಹೋಗಿ.

## ಹೆಜ್ಜೆ 9: ಊಟ ಕಿತ್ತುಕೊಳ್ಳಬೇಡಿ

ಧೂಳಿನ ಅಲರ್ಜಿ ಇರುವ ಮಗುವಿಗೆ ಮೊಸರು, ಬಾಳೆಹಣ್ಣು, ಸೀಬೆಹಣ್ಣು, ಕಿತ್ತಳೆ ಎಲ್ಲ ನಿಲ್ಲಿಸುವುದು ನಮ್ಮಲ್ಲಿ ಮಾಮೂಲು. ಮೈಟ್‌ಗೂ ಬಾಳೆಹಣ್ಣಿಗೂ ಸಂಬಂಧ ಇಲ್ಲ. ಹೀಗೆ ಒಂದೊಂದೇ ಬಿಡಿಸುತ್ತಾ ಹೋದರೆ ಮಗು ಸೊರಗುತ್ತದೆ, ಅಲರ್ಜಿ ಹಾಗೇ ಇರುತ್ತದೆ.

ನಿಜವಾದ ಆಹಾರದ ಅಲರ್ಜಿ ಸಾಮಾನ್ಯವಾಗಿ ತಿಂದ ಎರಡು ಗಂಟೆಯೊಳಗೆ, ಅದನ್ನು ತಿಂದಾಗಲೆಲ್ಲ ಕಾಣಿಸುತ್ತದೆ. ಅನುಮಾನ ಬಂದರೆ ತಿಂದದ್ದು, ಹೊತ್ತು, ಆದದ್ದು ಬರೆದಿಡಿ, ದದ್ದಿನ ಫೋಟೋ ತೆಗೆಯಿರಿ. ಒಮ್ಮೆ ಜೋರಾಗಿ ಆಗಿದ್ದರೆ ಮನೆಯಲ್ಲಿ ಮತ್ತೆ ಕೊಟ್ಟು ನೋಡುವ ಪ್ರಯೋಗ ಬೇಡ. ಹಸುವಿನ ಹಾಲು ಆಗದ ಮಗುವಿಗೆ ಮೇಕೆ ಹಾಲು ಕೊಡಿ ಅಂತ ಹೇಳುವವರು ಬಹಳ. ಎರಡರ ಪ್ರೋಟೀನೂ ಒಂದೇ ಥರದ್ದು, ಹೆಚ್ಚಿನ ಮಕ್ಕಳಿಗೆ ಅದೂ ಆಗುವುದಿಲ್ಲ. ಎಮ್ಮೆ ಹಾಲಿನದೂ ಅದೇ ಕಥೆ.

ಇನ್ನೂ ಅಲರ್ಜಿ ಬಾರದ ಕೂಸಿದ್ದರೆ ಒಂದು ಒಳ್ಳೆಯ ಸುದ್ದಿ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪಾಯ ಜಾಸ್ತಿ ಇದ್ದ ಕೂಸುಗಳಿಗೆ ವರ್ಷ ತುಂಬುವ ಮೊದಲೇ ಕಡಲೆಕಾಯಿ ತಿನ್ನಿಸಲು ಶುರು ಮಾಡಿದ್ದರಿಂದ ಐದು ವರ್ಷದ ಹೊತ್ತಿಗೆ ಅದರ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಆರು ತಿಂಗಳಿಗೆ ಮೇಲೂಟ ಶುರು ಮಾಡಿದ ಮೇಲೆ ಹುರಿದು ನುಣ್ಣಗೆ ರುಬ್ಬಿದ ಶೇಂಗಾ, ಚೆನ್ನಾಗಿ ಬೆಂದ ಮೊಟ್ಟೆಯನ್ನು ತಡಮಾಡದೆ ಸ್ವಲ್ಪ ಸ್ವಲ್ಪ ಕೊಡಿ. ಇಡೀ ಬೀಜ ಐದು ವರ್ಷದವರೆಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಜೋರು ಎಕ್ಸಿಮಾ ಇರುವ ಕೂಸಿಗೆ ಮೊದಲು ವೈದ್ಯರನ್ನು ಕೇಳಿ.

## ಹೆಜ್ಜೆ 10: ಮನೆಮದ್ದುಗಳಲ್ಲಿ ಯಾವುದು ಇರಲಿ, ಯಾವುದು ಬೇಡ

ಶುಂಠಿ ತುಳಸಿ ಕಷಾಯ, ದೊಡ್ಡಪತ್ರೆ ತಂಬುಳಿ, ಅರಿಶಿನ ಹಾಲು ಅಡುಗೆಯ ಅಳತೆಯಲ್ಲಿ ದೊಡ್ಡ ಮಕ್ಕಳಿಗೆ ಕೊಡಬಹುದು. ಗಂಟಲಿಗೆ ಹಿತ, ಮಗುವಿಗೆ ಸಮಾಧಾನ. ಅಲರ್ಜಿ ಗುಣವಾಗುತ್ತದೆ ಅಂತ ಕಾಯಬೇಡಿ. ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನು ಒಳ್ಳೆಯದೇ, ಆದರೆ ಒಂದು ವರ್ಷದೊಳಗಿನ ಕೂಸಿಗೆ ನಾಲಿಗೆಗೆ ನೆಕ್ಕಿಸುವಷ್ಟೂ ಬೇಡ, ಬಾಟ್ಯುಲಿಸಂ ಎಂಬ ವಿಷ ಏರುವ ಅಪಾಯ ಇದೆ.

ಸ್ನಾನದ ಹೊತ್ತಿಗೆ ಕೂಸಿನ ಮೂಗಿಗೆ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ ಕೂಸುಗಳ ಬಗ್ಗೆ ನಮ್ಮ ದೇಶದ ಮಕ್ಕಳ ವೈದ್ಯರು ಎಷ್ಟೋ ಸಲ ಬರೆದಿದ್ದಾರೆ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆ, ನೀಲಗಿರಿ ಎಣ್ಣೆ, ಎದೆಗೆ ಹಚ್ಚುವ ಮುಲಾಮು ಎರಡು ವರ್ಷದೊಳಗಿನವರಿಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕುದಿಯುವ ಪಾತ್ರೆ ಮುಂದೆ ಮಗುವನ್ನು ಬಗ್ಗಿಸಿ ಹಬೆ ಕೊಡುವಾಗ ಸುಟ್ಟುಕೊಂಡ ಮಕ್ಕಳು ಬಹಳ. ಅದೂ ಬೇಡ.

ಅಮೃತಬಳ್ಳಿ ರಸವನ್ನು ತಿಂಗಳುಗಟ್ಟಲೆ ಕುಡಿದವರ ಲಿವರ್‌ಗೆ ತೊಂದರೆಯಾದ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಮಗುವಿನ ವಿಷಯದಲ್ಲಿ ಇಂಥ ವಾದ ಮುಗಿಯುವ ತನಕ ಕೊಡದಿರುವುದೇ ಲೇಸು. ಹೆಸರು, ಪದಾರ್ಥ ಏನೂ ಬರೆಯದ ಪೊಟ್ಟಣದ ಪುಡಿ ಕೊಟ್ಟು ಎರಡೇ ದಿನದಲ್ಲಿ ಉಬ್ಬಸ ಮಾಯವಾದರೆ ಖುಷಿಪಡಬೇಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇರುತ್ತದೆ. ಆಯುರ್ವೇದ ಬೇಕು ಅಂದರೆ ನೋಂದಾಯಿತ ವೈದ್ಯರ ಹತ್ತಿರ ಹೋಗಿ, ಏನು ಕೊಡುತ್ತಿದ್ದಾರೆ ಅಂತ ಬರೆಸಿಕೊಳ್ಳಿ, ಮಕ್ಕಳ ವೈದ್ಯರಿಗೂ ತೋರಿಸಿ.

## ವೈದ್ಯರ ಹತ್ತಿರ ಯಾವಾಗ, ಏನು ತಗೊಂಡು ಹೋಗಬೇಕು

ಎರಡು ತಿಂಗಳು ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಕೆಡುತ್ತಿದ್ದರೆ, ಗೊರಕೆ ಇದ್ದರೆ, ಕ್ಲಾಸಿನಲ್ಲಿ ತೂಕಡಿಸುತ್ತಿದ್ದರೆ ಅಲರ್ಜಿ ತಜ್ಞರನ್ನು ನೋಡಿ. ರಾತ್ರಿ ಕೆಮ್ಮು, ಓಡಿದಾಗ ಎದೆಯಲ್ಲಿ ಸುಯ್ ಸುಯ್ ಸದ್ದು ಇದ್ದರೆ ಎರಡು ತಿಂಗಳು ಕಾಯಬೇಡಿ, ಮೊದಲೇ ಹೋಗಿ. ಚರ್ಮಕ್ಕೆ ಸಣ್ಣಗೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಅಥವಾ ರಕ್ತದ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಪರೀಕ್ಷೆಯಿಂದ ಯಾವುದಕ್ಕೆ ಅಲರ್ಜಿ ಅಂತ ಸುಳಿವು ಸಿಗುತ್ತದೆ. ನೂರಾರು ಆಹಾರಗಳ ಐಜಿಜಿ (ಇದು ಬೇರೆ ಥರದ ಪ್ರತಿಕಾಯ) ಪ್ಯಾಕೇಜು, ಕೂದಲು ಪರೀಕ್ಷೆಗೆ ದುಡ್ಡು ಹಾಕಬೇಡಿ, ಅವುಗಳಿಂದ ಅಲರ್ಜಿ ಗೊತ್ತಾಗುವುದಿಲ್ಲ. ಚುಚ್ಚುವ ಪರೀಕ್ಷೆಗೆ ಕೆಲವು ದಿನ ಮುಂಚೆ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳಿ.

ಹೋಗುವಾಗ ಆ ಗೋಡೆ ಕ್ಯಾಲೆಂಡರ್ ಬಿಚ್ಚಿಕೊಂಡು ಹೋಗಿ, ಫೋಟೋಗಳು ಇರಲಿ, ಮನೆಯಲ್ಲಿ ಕೊಡುತ್ತಿರುವ ಕಷಾಯ, ಪುಡಿ, ಸಿರಪ್ ಎಲ್ಲದರ ಪಟ್ಟಿ ಇರಲಿ. ಸ್ಕೂಲ್ ಟೀಚರಿಗೂ ಒಂದು ಚೀಟಿ ಬರೆದು ಕೊಡಿ: ಯಾವುದಕ್ಕೆ ಅಲರ್ಜಿ, ಯಾವ ಔಷಧಿ ಬ್ಯಾಗಿನ ಯಾವ ಜೇಬಿನಲ್ಲಿದೆ, ಯಾರಿಗೆ ಫೋನ್ ಮಾಡಬೇಕು. ಮಗುವನ್ನು ಬೋರ್ಡಿನ ಸೀಮೆಸುಣ್ಣದ ಧೂಳು ತಾಗದ ಬೆಂಚಿನಲ್ಲಿ ಕೂರಿಸಲು ಅದರಲ್ಲೇ ಕೇಳಿಕೊಳ್ಳಿ.